ಅಗ್ಗದ ದಿನ ಕೊಂಡು ದುಬಾರಿ ದಿನ ಉಣ್ಣುವುದು: ಮನೆಯ ಫ್ರೀಜರ್‌ನ ಲೆಕ್ಕಾಚಾರ

ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜಾಗುವುದು ಬಾಕ್ಸ್ ಲೆಕ್ಕದಲ್ಲಿ. ಒಂದು ಬಾಕ್ಸ್‌ಗೆ ಸುಮಾರು 15 ಕಿಲೋ. 2023ರ ಜುಲೈನಲ್ಲಿ ಈ ಬಾಕ್ಸ್‌ನ ಬೆಲೆ 2,000 ರೂಪಾಯಿ ದಾಟಿ, ಬೀದಿ ಬದಿಯ ಅಂಗಡಿಗಳಲ್ಲಿ ಜನ ಟೊಮೆಟೊವನ್ನು ಕಾಲು ಕಿಲೋ ಲೆಕ್ಕದಲ್ಲಿ ಕೇಳುವಂತಾಗಿತ್ತು. ಬೆಲೆ ಬಿದ್ದ ಕಾಲದಲ್ಲಿ ಅದೇ ಬಾಕ್ಸ್‌ಗೆ ಕೊಯ್ಲಿನ ಕೂಲಿ ಮತ್ತು ಗಾಡಿ ಬಾಡಿಗೆಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಯ ಬದಿಗೆ ಸುರಿದು ಹೋದದ್ದನ್ನೂ ಈ ಜಿಲ್ಲೆ ನೋಡಿದೆ.

ಈ ಎರಡು ಬೆಲೆಗಳ ನಡುವಿನ ಅಂತರದಲ್ಲಿಯೇ ಮನೆಯ ಫ್ರೀಜರ್‌ನ ಉಪಯೋಗವಿದೆ. ಆದರೆ ನಮ್ಮ ಭಾಗದ ಹೆಚ್ಚಿನ ಮನೆಗಳಲ್ಲಿ ಫ್ರಿಜ್‌ನ ಆ ಮೇಲಿನ ಖಾನೆಯಲ್ಲಿ ಕಾಣಸಿಗುವುದು ಒಂದು ಐಸ್ ಟ್ರೇ, ಯಾವಾಗಲೋ ತಂದ ಅರ್ಧ ಪೊಟ್ಟಣ ಬಟಾಣಿ, ಮಕ್ಕಳ ಐಸ್‌ಕ್ರೀಮ್ ಡಬ್ಬಿ ಮತ್ತು ಎರಡು ಬೆರಳು ದಪ್ಪ ಮಂಜು. ಫ್ರೀಜರ್ ಬಳಸಿದರೆ ಊಟದ ಖರ್ಚು ಉಳಿಯುತ್ತದೆ ಎನ್ನುವುದು ನಿಜವೇ ಆದರೂ, ಯಾವ ಪದಾರ್ಥವನ್ನು, ಯಾವ ಬೆಲೆಗೆ ಕೊಂಡು, ಎಷ್ಟು ಜಾಗದಲ್ಲಿ ಇಡುತ್ತೇವೆ ಎಂಬುದರ ಮೇಲೆ ಆ ಉಳಿತಾಯ ನಿಂತಿದೆ; ಸಿಕ್ಕಿದ್ದನ್ನೆಲ್ಲ ತುಂಬಿ, ಆರು ತಿಂಗಳ ನಂತರ ಗುರುತು ಹತ್ತದ ಪೊಟ್ಟಣಗಳನ್ನು ಹೊರಗೆ ಎಸೆಯುವ ಮನೆಗೆ ಉಳಿತಾಯಕ್ಕಿಂತ ನಷ್ಟವೇ ಹೆಚ್ಚು. ಆ ಲೆಕ್ಕ ಸರಿಯಾಗಿ ತಿಳಿಯಬೇಕಾದರೆ, ಚಳಿಯು ಆಹಾರಕ್ಕೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬಲ್ಲಿಂದ ಆರಂಭಿಸಬೇಕು.

ಚಳಿ ಏನು ಮಾಡುತ್ತದೆ

ಆಹಾರ ಕೆಡುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಒಂದು, ಬ್ಯಾಕ್ಟೀರಿಯಾ, ಬೂಷ್ಟು ಮುಂತಾದ ಸೂಕ್ಷ್ಮಜೀವಿಗಳ ಬೆಳವಣಿಗೆ. ಇನ್ನೊಂದು, ತರಕಾರಿ ಅಥವಾ ಮಾಂಸದೊಳಗೇ ಇರುವ ಕಿಣ್ವಗಳ (ಎನ್‌ಜೈಮ್‌ಗಳ) ಕೆಲಸ. ಉಷ್ಣತೆ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಆಹಾರದಲ್ಲಿನ ನೀರು ಬಹುಪಾಲು ಗಟ್ಟಿಯಾಗಿ, ಸೂಕ್ಷ್ಮಜೀವಿಗಳಿಗೆ ಬೇಕಾದ ದ್ರವರೂಪದ ನೀರು ಸಿಗದೆ ಅವುಗಳ ಬೆಳವಣಿಗೆ ನಿಲ್ಲುತ್ತದೆ. ನಿಲ್ಲುತ್ತದೆಯೇ ಹೊರತು ಅವು ಸಾಯುವುದಿಲ್ಲ. ಹೊರಗೆ ತೆಗೆದು ಬೆಚ್ಚಗಾದೊಡನೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತವೆ. ಆದ್ದರಿಂದ ಹಳಸಲು ಶುರುವಾದ ಸಾರನ್ನೋ ವಾಸನೆ ತಿರುಗಿದ ಕೋಳಿಯನ್ನೋ ಫ್ರೀಜರ್‌ಗೆ ಹಾಕಿ ಉಳಿಸಿಕೊಳ್ಳಬಹುದು ಎಂಬುದು ತಪ್ಪು ತಿಳಿವಳಿಕೆ. ಇಡುವಾಗ ಆಹಾರ ಯಾವ ಸ್ಥಿತಿಯಲ್ಲಿತ್ತೋ ತೆಗೆಯುವಾಗ ಅದಕ್ಕಿಂತ ಉತ್ತಮ ಸ್ಥಿತಿಯಲ್ಲಿ ಇರಲಾರದು.

ಕಿಣ್ವಗಳ ವಿಷಯ ಬೇರೆ. ಚಳಿಗೆ ಅವು ನಿಧಾನವಾಗುತ್ತವೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಹಸಿ ಬೀನ್ಸನ್ನು ಹಾಗೆಯೇ ಕತ್ತರಿಸಿ ಇಟ್ಟರೆ ಎರಡು ಮೂರು ತಿಂಗಳಲ್ಲಿ ಅದರ ಬಣ್ಣ ಮಾಸಿ, ಒಣಹುಲ್ಲಿನ ವಾಸನೆ ಬರುವುದು ಇದೇ ಕಾರಣಕ್ಕೆ. ತರಕಾರಿಯನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯಬೇಕೆಂದು ಹೇಳುವುದು ಬೇಯಿಸುವ ಉದ್ದೇಶದಿಂದಲ್ಲ. ಈ ಕಿಣ್ವಗಳ ಕೆಲಸವನ್ನು ಕೊನೆಗಾಣಿಸುವ ಉದ್ದೇಶದಿಂದ.

ಮೂರನೆಯ ಸಂಗತಿ ನೀರಿನದು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಬೇಗನೆ ಹೆಪ್ಪುಗಟ್ಟಿದರೆ ಸಣ್ಣ ಸಣ್ಣ ಹರಳುಗಳಾಗುತ್ತವೆ. ನಿಧಾನವಾಗಿ ಹೆಪ್ಪುಗಟ್ಟಿದರೆ ದೊಡ್ಡ ಹರಳುಗಳಾಗಿ ತರಕಾರಿಯ ಜೀವಕೋಶಗಳ ಗೋಡೆಯನ್ನು ಒಡೆಯುತ್ತವೆ. ಸೌತೆಕಾಯಿ, ಮೂಲಂಗಿ, ಸೊರೆಕಾಯಿಯಂಥ ನೀರುಗಾಯಿಗಳು ಕರಗಿಸಿದಾಗ ಮೆತ್ತಗಾಗಿ ನೀರು ಬಿಟ್ಟುಕೊಳ್ಳುವುದಕ್ಕೆ ಇದೇ ಕಾರಣ. ಕಾರ್ಖಾನೆಗಳು ಬಟಾಣಿಯನ್ನು ಅತಿ ತಣ್ಣನೆಯ ಗಾಳಿಯ ರಭಸದಲ್ಲಿ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟಿಸುತ್ತವೆ. ಮನೆಯ ಫ್ರೀಜರ್‌ಗೆ ಆ ವೇಗವಿಲ್ಲ. ಆದರೆ ಒಮ್ಮೆಗೆ ಎಷ್ಟು ಇಡುತ್ತೇವೆ, ಎಷ್ಟು ತೆಳುವಾಗಿ ಹರಡುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ದಪ್ಪ ಉಂಡೆಯಾಗಿ ಕಟ್ಟಿದ ಪೊಟ್ಟಣಕ್ಕಿಂತ ಒಂದು ಬೆರಳು ದಪ್ಪಕ್ಕೆ ಚಪ್ಪಟೆ ಮಾಡಿದ ಪೊಟ್ಟಣ ಎಷ್ಟೋ ಬೇಗ ಹೆಪ್ಪುಗಟ್ಟುತ್ತದೆ, ಜಾಗವನ್ನೂ ಕಡಿಮೆ ತಿನ್ನುತ್ತದೆ.

ನಮ್ಮ ಮನೆಯ ಫ್ರೀಜರ್ ಎಷ್ಟು ತಣ್ಣಗಿದೆ?

ಮೈನಸ್ 18 ಎಂದು ಹೇಳುವುದು ಸುಲಭ. ಎಲ್ಲ ಫ್ರಿಜ್‌ಗಳಲ್ಲೂ ಅದು ಸಿಗುವುದಿಲ್ಲ. ಫ್ರೀಜರ್ ಖಾನೆಯ ಚಳಿಯನ್ನು ಸೂಚಿಸಲು ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ನಕ್ಷತ್ರದ ಗುರುತಿನ ಪ್ರಕಾರ ಒಂದು ನಕ್ಷತ್ರವೆಂದರೆ ಮೈನಸ್ 6, ಎರಡೆಂದರೆ ಮೈನಸ್ 12, ಮೂರೆಂದರೆ ಮೈನಸ್ 18 ಡಿಗ್ರಿ. ಮೊದಲೇ ಹೆಪ್ಪುಗಟ್ಟಿದ ಆಹಾರವನ್ನು ಒಂದು ನಕ್ಷತ್ರದ ಖಾನೆಯಲ್ಲಿ ಸುಮಾರು ಒಂದು ವಾರ, ಎರಡು ನಕ್ಷತ್ರದಲ್ಲಿ ಒಂದು ತಿಂಗಳು, ಮೂರು ನಕ್ಷತ್ರದಲ್ಲಿ ಮೂರು ತಿಂಗಳೋ ಅದಕ್ಕೂ ಹೆಚ್ಚೋ ಇಡಬಹುದೆಂಬುದು ಸಾಮಾನ್ಯ ನಿಯಮ. ನಮ್ಮಲ್ಲಿ ಫ್ರಿಜ್‌ನ ಬಾಗಿಲಿಗೆ ಅಂಟಿಸಿರುವ ದೊಡ್ಡ ನಕ್ಷತ್ರದ ಚೀಟಿಗೂ ಇದಕ್ಕೂ ಸಂಬಂಧವಿಲ್ಲ. ಆ ಚೀಟಿ ಹೇಳುವುದು ವಿದ್ಯುತ್ ಉಳಿತಾಯವನ್ನು ಮಾತ್ರ. ಐದು ನಕ್ಷತ್ರದ ಒಂಟಿ ಬಾಗಿಲಿನ ಫ್ರಿಜ್ ಕೊಂಡವರು ತಮ್ಮ ಫ್ರೀಜರ್ ಖಾನೆಯೂ ಅಷ್ಟೇ ಸಮರ್ಥವೆಂದು ಭಾವಿಸಬೇಕಿಲ್ಲ.

ಒಂಟಿ ಬಾಗಿಲಿನ ಫ್ರಿಜ್‌ನ ಒಳಗೆ ಪ್ಲಾಸ್ಟಿಕ್ ಮುಚ್ಚಳದ ಹಿಂದಿರುವ ಖಾನೆ ಸಾಮಾನ್ಯವಾಗಿ 15ರಿಂದ 20 ಲೀಟರಿನದು. ಫ್ರಿಜ್‌ನ ಬಾಗಿಲು ತೆರೆದಾಗಲೆಲ್ಲ ಅದಕ್ಕೂ ಬಿಸಿ ತಟ್ಟುತ್ತದೆ. ಎರಡು ಬಾಗಿಲಿನ ಫ್ರಿಜ್‌ನಲ್ಲಿ ಫ್ರೀಜರ್‌ಗೆ ಪ್ರತ್ಯೇಕ ಬಾಗಿಲಿದ್ದು, ಜಾಗವೂ ಹೆಚ್ಚು, ಚಳಿಯೂ ಸ್ಥಿರ. ಅನುಮಾನವಿದ್ದರೆ ಮೈನಸ್ ಡಿಗ್ರಿ ತೋರಿಸುವ ಫ್ರಿಜ್ ಥರ್ಮಾಮೀಟರ್ ಒಂದನ್ನು ಒಳಗಿಟ್ಟು ಒಂದು ರಾತ್ರಿ ಬಿಟ್ಟು ನೋಡುವುದು ಎಲ್ಲಕ್ಕಿಂತ ನೇರವಾದ ದಾರಿ. ಥರ್ಮಾಮೀಟರ್ ಇಲ್ಲದವರು ಐಸ್‌ಕ್ರೀಮನ್ನು ನೋಡಿದರೆ ಸಾಕು: ಅದು ಚಮಚಕ್ಕೆ ಸುಲಭವಾಗಿ ಬರುವಷ್ಟು ಮೆತ್ತಗಿದ್ದರೆ ಆ ಖಾನೆ ತಿಂಗಳುಗಟ್ಟಲೆ ಶೇಖರಿಸಲು ತಕ್ಕದ್ದಲ್ಲ, ಎರಡು ಮೂರು ವಾರಗಳ ವ್ಯವಹಾರಕ್ಕೆ ಮಾತ್ರ ಸರಿ. ಗೋಡೆಗೆ ಕಟ್ಟಿದ ಮಂಜು ಅರ್ಧ ಸೆಂಟಿಮೀಟರ್ ದಾಟಿದರೆ ಕರಗಿಸಿ ತೆಗೆಯಬೇಕು. ಆ ಮಂಜು ಚಳಿಯನ್ನು ಒಳಕ್ಕೆ ಬಿಡದೆ ತಡೆಯುವುದರಿಂದ ಕರೆಂಟು ಹೆಚ್ಚು ಸುಡುತ್ತದೆ. ಚಾಕುವಿನಿಂದ ಕೆರೆಯುವುದು ಬೇಡ. ಆ ಗೋಡೆಯೊಳಗೇ ಅನಿಲದ ಕೊಳವೆ ಇದೆ.

ಕರೆಂಟಿನ ಲೆಕ್ಕ

ಒಂದು ಕಿಲೋ ಹಸಿ ಕಾಳನ್ನು 30 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿಸಲು ಅದರಿಂದ ಹೊರತೆಗೆಯಬೇಕಾದ ಶಾಖ ಸುಮಾರು 400 ಕಿಲೋ ಜೂಲ್. ಯೂನಿಟ್ ಲೆಕ್ಕಕ್ಕೆ ತಂದರೆ 0.11. ಫ್ರಿಜ್ ಶಾಖವನ್ನು ಉತ್ಪಾದಿಸುವುದಿಲ್ಲ, ಒಳಗಿನದನ್ನು ಹೊರಕ್ಕೆ ಸಾಗಿಸುತ್ತದೆ ಅಷ್ಟೆ. ಹೀಗಾಗಿ ಅದಕ್ಕೆ ತಗಲುವ ವಿದ್ಯುತ್ ಇದಕ್ಕಿಂತಲೂ ಕಡಿಮೆ. ಯೂನಿಟ್‌ಗೆ 6 ರೂಪಾಯಿ ಎಂದಿಟ್ಟುಕೊಂಡರೂ ಒಂದು ಕಿಲೋ ಹೆಪ್ಪುಗಟ್ಟಿಸುವ ಖರ್ಚು ಒಂದು ರೂಪಾಯಿಯೊಳಗೆ ಮುಗಿಯುತ್ತದೆ. ಹಣ ಹೋಗುವುದು ಹೆಪ್ಪುಗಟ್ಟಿಸುವುದಕ್ಕಲ್ಲ, ಆ ಚಳಿಯನ್ನು ಹಗಲೂ ರಾತ್ರಿ ಕಾಯುವುದಕ್ಕೆ. ಆ ಖರ್ಚನ್ನು ಫ್ರಿಜ್ ಇರುವ ಮನೆ ಈಗಾಗಲೇ ಕೊಡುತ್ತಿದೆ; ಖಾನೆ ಖಾಲಿಯಿದ್ದರೂ ತುಂಬಿದ್ದರೂ ಮೀಟರ್ ಓಡುವುದು ಹೆಚ್ಚುಕಡಿಮೆ ಒಂದೇ. ಇರುವ ಫ್ರೀಜರ್ ಅನ್ನು ತುಂಬಿ ಬಳಸುವುದು ಬಹುತೇಕ ಪುಕ್ಕಟೆ ಎಂಬ ಮಾತಿಗೆ ಇದೇ ಆಧಾರ.

ಪ್ರತ್ಯೇಕ ಡೀಪ್ ಫ್ರೀಜರ್ ಕೊಳ್ಳುವ ಮಾತು ಬಂದಾಗ ಲೆಕ್ಕ ತಲೆಕೆಳಗಾಗುತ್ತದೆ. ವರ್ಷಕ್ಕೆ 300 ಯೂನಿಟ್ ಬೇಡುವ, 15,000 ರೂಪಾಯಿಯ ಒಂದು ಸಣ್ಣ ಪೆಟ್ಟಿಗೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕರೆಂಟಿಗೆ ವರ್ಷಕ್ಕೆ 1,800. ಹತ್ತು ವರ್ಷ ಬಾಳಿಕೆ ಬಂದರೆ ಬೆಲೆಯ ಪಾಲು ವರ್ಷಕ್ಕೆ 1,500. ಒಟ್ಟು 3,300 ರೂಪಾಯಿ. ಕಿಲೋಗೆ 40 ರೂಪಾಯಿ ಉಳಿಯುವ ತರಕಾರಿಯನ್ನು 80 ಕಿಲೋಗಿಂತ ಹೆಚ್ಚು ಇಟ್ಟು, ಕೆಡಿಸದೆ ತಿಂದು ಮುಗಿಸಿದ ಮೇಲೆ ಮೊದಲ ರೂಪಾಯಿಯ ಲಾಭ ಶುರುವಾಗುತ್ತದೆ. ನಾಲ್ಕು ಜನರ ಮನೆಗೆ ಇದು ಸುಲಭದ ಗುರಿಯಲ್ಲ.

ನಮ್ಮ ಜಿಲ್ಲೆಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಗೃಹಜ್ಯೋತಿ ಯೋಜನೆಯಡಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಉಚಿತ ಯೂನಿಟ್‌ಗಳ ಮಿತಿಯನ್ನು ನಿಗದಿ ಮಾಡಲಾಗಿದೆ. ಆ ಮಿತಿ ದಾಟಿದರೆ ಹೆಚ್ಚಿನ ಯೂನಿಟ್‌ಗಳಿಗೆ ಹಣ ಕಟ್ಟಬೇಕು; ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ತಿಂಗಳಿಗೆ 185 ಯೂನಿಟ್ ಬಳಸುತ್ತಾ ಶೂನ್ಯ ಬಿಲ್ ಪಡೆಯುತ್ತಿದ್ದ ಮನೆಗೆ 25 ಯೂನಿಟ್‌ನ ಡೀಪ್ ಫ್ರೀಜರ್ ಬಂದರೆ, ಬೆಸ್ಕಾಂ ಬಿಲ್ ಬರುವುದು 25 ಯೂನಿಟ್‌ಗಲ್ಲ, 210ಕ್ಕೆ. ಟೊಮೆಟೊದಲ್ಲಿ ಉಳಿಸಿದ್ದೆಲ್ಲ ಆ ಒಂದು ಚೀಟಿಯಲ್ಲಿ ಹೊರಟುಹೋಗುತ್ತದೆ. ಹೀಗಾಗಿ ಮುಂದೆ ಹೇಳುವುದೆಲ್ಲ ಈಗಾಗಲೇ ಮನೆಯಲ್ಲಿರುವ ಫ್ರೀಜರ್ ಖಾನೆಯನ್ನು ಕುರಿತದ್ದು.

ಜಾಗಕ್ಕೆ ಯೋಗ್ಯವಾದದ್ದು ಯಾವುದು

ಖರ್ಚು ಇಲ್ಲವೆಂದಾದ ಮೇಲೆ ಅಭಾವ ಇರುವುದು ಜಾಗಕ್ಕೆ. 18 ಲೀಟರಿನ ಖಾನೆಯಲ್ಲಿ ಒಂದು ಲೀಟರ್ ಜಾಗ ಯಾವುದಕ್ಕೆ ಕೊಟ್ಟರೆ ಹೆಚ್ಚು ರೂಪಾಯಿ ಉಳಿಯುತ್ತದೆ ಎಂದು ಕೇಳಿಕೊಳ್ಳಬೇಕು. ಬೆಲೆಯಲ್ಲಿ ದೊಡ್ಡ ಏರಿಳಿತವಿರುವ, ಹೆಪ್ಪುಗಟ್ಟಿದರೂ ರುಚಿ ಹೆಚ್ಚು ಕೆಡದ, ಕಡಿಮೆ ಜಾಗಕ್ಕೆ ಇಳಿಸಬಹುದಾದ ಪದಾರ್ಥ ಮೊದಲ ಹಕ್ಕುದಾರ. ಈರುಳ್ಳಿ, ಆಲೂಗಡ್ಡೆ, ಕುಂಬಳಕಾಯಿಗಳು ಹೊರಗೇ ಬಾಳುತ್ತವೆ. ಹುಣಸೆ, ಒಣಮೆಣಸಿನಕಾಯಿ, ಹುರುಳಿಗೆ ಬಿಸಿಲೇ ಸಾಕು. ರಾಗಿಯನ್ನಂತೂ ಹಿಂದಿನವರು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ಬಿಸಿಲು, ಉಪ್ಪು, ಎಣ್ಣೆಗಳಿಂದ ಕಾಪಾಡಲಾಗದ, ಹಸಿಯಾಗಿಯೇ ಬೇಕಾದ ಪದಾರ್ಥಗಳಿಗೆ ಮಾತ್ರ ಫ್ರೀಜರ್.

ಆ ಪಟ್ಟಿಯಲ್ಲಿ ಕೋಲಾರ, ಚಿಕ್ಕಬಳ್ಳಾಪುರದವರಿಗೆ ಮೊದಲು ಬರುವುದು ಅವರೆ. ಡಿಸೆಂಬರ್ ಚಳಿಯೊಂದಿಗೆ ಬಂದು ಸಂಕ್ರಾಂತಿಯ ಹೊತ್ತಿಗೆ ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲಿನ ಬೀದಿಗಳಲ್ಲಿ ರಾಶಿ ರಾಶಿಯಾಗಿ ಸಿಗುವ ಈ ಕಾಯಿ, ಕಾಲ ಮುಗಿದ ಮೇಲೆ ಬೇಕೆಂದರೂ ಹಸಿಯಾಗಿ ಸಿಗುವುದು ಕಷ್ಟ, ಸಿಕ್ಕರೆ ಬೆಲೆ ವಿಪರೀತ. ಒಂದು ಕಿಲೋ ಕಾಯಿ ಸುಲಿದರೆ ಕಾಳು ಅರ್ಧ ಕಿಲೋ ಸಹ ಬರುವುದಿಲ್ಲ. ಸಿಪ್ಪೆಯೆಲ್ಲ ಹೋಗಿ ಕಾಳು ಮಾತ್ರ ಒಳಗೆ ಹೋಗುವುದರಿಂದ ಜಾಗದ ದೃಷ್ಟಿಯಿಂದಲೂ ಇದು ಲಾಭದ ಬಾಬತ್ತು.

ಕ್ರಮ ಹೀಗೆ. ಸುಲಿದ ಕಾಳಿನಲ್ಲಿ ಹುಳುಕನ್ನು ಆರಿಸಿ, ಎಳೆಯ ಕಾಳು ಮತ್ತು ಬಲಿತ ಕಾಳನ್ನು ಬೇರೆ ಮಾಡಬೇಕು. ಎರಡಕ್ಕೂ ಬೇಕಾದ ಕಾಲ ಒಂದೇ ಅಲ್ಲ. ಅರ್ಧ ಕಿಲೋ ಕಾಳಿಗೆ ನಾಲ್ಕು ಲೀಟರಿನಷ್ಟು ನೀರು ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿರಬೇಕು. ನೀರು ಕಡಿಮೆಯಾದರೆ ಕಾಳು ಬಿದ್ದೊಡನೆ ಕುದಿ ನಿಂತು, ಕಿಣ್ವ ಅಡಗುವ ಮೊದಲೇ ಕಾಳು ಬೆಂದುಬಿಡುತ್ತದೆ. ಕಾಳನ್ನು ತೂತಿನ ಬುಟ್ಟಿಯಲ್ಲೋ ತೆಳು ಬಟ್ಟೆಯ ಗಂಟಿನಲ್ಲೋ ಇಳಿಸಿ, ನೀರು ಮತ್ತೆ ಕುದಿ ಹಿಡಿದಾಗಿನಿಂದ ಎಳೆಯದಕ್ಕೆ ಎರಡು ನಿಮಿಷ, ಬಲಿತದ್ದಕ್ಕೆ ಮೂರು ನಿಮಿಷ ಬಿಡಬೇಕು. (ಎತ್ತರದ ಊರುಗಳಲ್ಲಿ ನೀರು ಕಡಿಮೆ ಉಷ್ಣತೆಗೇ ಕುದಿಯುವುದರಿಂದ ಇನ್ನೊಂದು ನಿಮಿಷ ಸೇರಿಸಬೇಕೆಂಬ ಸೂಚನೆ ಉಂಟು, ಅದು ಸಮುದ್ರ ಮಟ್ಟದಿಂದ 1,500 ಮೀಟರ್ ದಾಟಿದ ಜಾಗಗಳ ಮಾತು. 1,478 ಮೀಟರಿನ ನಂದಿಬೆಟ್ಟದ ತುದಿಯಲ್ಲಿ ಒಲೆ ಹೂಡಿದರೂ ನಮಗೆ ಅದು ಅನ್ವಯಿಸುವುದಿಲ್ಲ.) ತೆಗೆದ ಕೂಡಲೇ ಐಸ್ ಹಾಕಿದ ನೀರಿನಲ್ಲಿ ಅಷ್ಟೇ ಹೊತ್ತು ಮುಳುಗಿಸಿ, ಒಳಗಿನ ಬಿಸಿಯೂ ಆರಿದ ಮೇಲೆ ಬಸಿದು, ಹತ್ತಿಬಟ್ಟೆಯ ಮೇಲೆ ಹರಡಿ ತೇವವನ್ನು ಒರೆಸಬೇಕು. ಅನಂತರ ಸ್ಟೀಲ್ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಒಂದೆರಡು ಗಂಟೆ ಫ್ರೀಜರ್‌ನಲ್ಲಿಟ್ಟರೆ ಕಾಳು ಗೋಲಿಗಳಂತೆ ಬಿಡಿಬಿಡಿಯಾಗುತ್ತದೆ. ಆಗ ಪೊಟ್ಟಣಕ್ಕೆ ತುಂಬಬೇಕು. ಈ ಕೊನೆಯ ಹಂತವನ್ನು ಬಿಟ್ಟವರಿಗೆ ಸಿಗುವುದು ಒಂದು ಕಲ್ಲಿನ ತುಂಡು. ಒಂದು ಹಿಡಿ ಕಾಳು ಬೇಕೆಂದರೆ ಇಡೀ ಪೊಟ್ಟಣ ಕರಗಿಸಬೇಕಾಗುತ್ತದೆ.

ಒಮ್ಮೆಗೇ ಐದು ಕಿಲೋ ತುಂಬುವ ಆಸೆ ಬೇಡ. ಬಿಸಿ ಪದಾರ್ಥ ಹೆಚ್ಚಾದಷ್ಟೂ ಖಾನೆಯ ಉಷ್ಣತೆ ಏರಿ, ಹೊಸದು ನಿಧಾನವಾಗಿ ಹೆಪ್ಪುಗಟ್ಟುತ್ತದೆ, ಹಳೆಯದೂ ಅರ್ಧ ಕರಗುತ್ತದೆ. ಒಂಟಿ ಬಾಗಿಲಿನ ಫ್ರಿಜ್‌ಗೆ ದಿನಕ್ಕೆ ಮುಕ್ಕಾಲು ಕಿಲೋ ಸುಮಾರಾದ ಮಿತಿ. ಅವರೆಕಾಲ ಒಂದೂವರೆ ಎರಡು ತಿಂಗಳು ಇರುವುದರಿಂದ ವಾರಕ್ಕೆ ಎರಡು ಸಲ ಸುಲಿದು ಸೇರಿಸಿಕೊಂಡರೂ ಸಾಕಷ್ಟಾಗುತ್ತದೆ.

ಹಿದುಕಿದ ಬೇಳೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ರಾತ್ರಿ ನೆನೆಹಾಕಿ, ಬೆಳಗ್ಗೆ ಒಂದೊಂದನ್ನೇ ಹಿದುಕಿ ಸಿಪ್ಪೆ ಬಿಡಿಸಿದ ಬೇಳೆ ಕುದಿನೀರಿನಲ್ಲಿ ಬೇಗ ಒಡೆದುಹೋಗುತ್ತದೆ. ಹಾಗಾಗಿ ಅದನ್ನು ಹಸಿಯಾಗಿಯೇ ಇಟ್ಟು ಒಂದು ತಿಂಗಳ ಆಸುಪಾಸಿನಲ್ಲಿ ಮುಗಿಸುವುದು ಮೇಲು. ಇಡೀ ಕಾಳನ್ನಿಟ್ಟುಕೊಂಡು, ಬೇಕಾದ ದಿನ ಕರಗಿಸಿ ಹಿದುಕಿಕೊಳ್ಳುವುದೂ ಆಗುತ್ತದೆ; ಚಳಿಗೆ ಸಿಪ್ಪೆ ಸಡಿಲವಾಗಿರುವುದರಿಂದ ಬೆರಳಿಗೆ ಶ್ರಮ ಕಡಿಮೆ. ಸೊಗಡಿನ ಬಗ್ಗೆ ಮಾತ್ರ ದೊಡ್ಡ ನಿರೀಕ್ಷೆ ಇಡುವಂತಿಲ್ಲ. ಕಾಯಿಯ ಮೇಲಿನ ಜಿಗುಟು ಎಣ್ಣೆಯಲ್ಲಿರುವ ಆ ಘಮ ಬಿಸಿನೀರಿಗೂ ತಿಂಗಳುಗಳ ಶೇಖರಣೆಗೂ ಒಂದಷ್ಟು ಕಳೆದುಹೋಗುತ್ತದೆ. ಏಪ್ರಿಲ್‌ನಲ್ಲಿ ಮಾಡಿದ ಅವರೆಕಾಳು ಸಾರು ಜನವರಿಯದಕ್ಕೆ ಸಮನಲ್ಲ, ಆದರೆ ಮುದ್ದೆಗೆ ಅದು ಬೇಡ ಎನ್ನುವವರು ಕಡಿಮೆ.

ಟೊಮೆಟೊಗೆ ಅವರೆಯಂತೆ ನಿಗದಿಯಾದ ಕಾಲವಿಲ್ಲ. ಮಳೆ, ರೋಗ, ಹೊರ ರಾಜ್ಯಗಳ ಬೇಡಿಕೆ ಇವುಗಳ ಮೇಲೆ ಬೆಲೆ ಯಾವಾಗ ಬೇಕಾದರೂ ಬೀಳಬಹುದು, ಏಳಬಹುದು. ಆದ್ದರಿಂದ ತಿಂಗಳನ್ನು ನೋಡುವ ಬದಲು ಬೆಲೆಯನ್ನು ನೋಡಬೇಕು: ಕಿಲೋ ಬೆಲೆ 15 ರೂಪಾಯಿಗಿಂತ ಕೆಳಗಿಳಿದಾಗ ಕೊಳ್ಳುವುದು ಎಂದು ಮನೆಯಲ್ಲಿ ಒಂದು ಗೆರೆ ಎಳೆದುಕೊಳ್ಳುವುದು ಉತ್ತಮ. ಇಡೀ ಬಾಕ್ಸ್ ಕೊಂಡು ಅಕ್ಕಪಕ್ಕದ ಎರಡು ಮೂರು ಮನೆಯವರು ಹಂಚಿಕೊಂಡರೆ ಚಿಲ್ಲರೆ ಬೆಲೆಯ ಭಾರವೂ ತಪ್ಪುತ್ತದೆ. ಟೊಮೆಟೊವನ್ನು ಕುದಿನೀರಿಗೆ ಅದ್ದುವ ಅಗತ್ಯವಿಲ್ಲ. ಇಡಿಯಾಗಿ ಇಟ್ಟರೂ ಆಗುತ್ತದೆ. ಹೆಪ್ಪುಗಟ್ಟಿದ ಹಣ್ಣನ್ನು ನಲ್ಲಿಯ ಕೆಳಗೆ ಹಿಡಿದರೆ ಸಿಪ್ಪೆ ತಾನಾಗಿ ಜಾರುತ್ತದೆ. ಆದರೆ ಉರುಟು ಹಣ್ಣುಗಳ ನಡುವಿನ ಸಂದಿಯೆಲ್ಲ ವ್ಯರ್ಥ ಜಾಗ. ರುಬ್ಬಿ, ಅಗಲ ಬಾಣಲೆಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಆರಿಸಿ, ಒಂದು ಸಾರಿಗೆ ಬೇಕಾದಷ್ಟನ್ನು ಒಂದೊಂದು ಕವರಿಗೆ ಹಾಕಿ ಚಪ್ಪಟೆಯಾಗಿ ಮಲಗಿಸಿದರೆ ಐದು ಕಿಲೋ ಹಣ್ಣು ಎರಡೂವರೆ ಲೀಟರಿನೊಳಗೆ ಕೂರುತ್ತದೆ. ಸಾರು, ಗೊಜ್ಜು, ಪಲಾವಿಗೆ ಇದು ಯಾವ ಕೊರತೆಯನ್ನೂ ತೋರುವುದಿಲ್ಲ. ಕೋಸಂಬರಿಗೆ ಮಾತ್ರ ಬಾರದು.

ಬೀನ್ಸ್ ಬೇಸಿಗೆಯಲ್ಲಿ ಎಷ್ಟು ಏರುತ್ತದೆ ಎಂಬುದನ್ನು 2024ರಲ್ಲಿ ನೋಡಿದ್ದೇವೆ. ಕಿಲೋಗೆ 200 ರೂಪಾಯಿಯ ಆಸುಪಾಸಿಗೆ ಹೋಗಿತ್ತು. ಚಳಿಗಾಲದಲ್ಲಿ ಅಗ್ಗವಾದಾಗ ಕತ್ತರಿಸಿ, ಮೂರು ನಿಮಿಷ ಕುದಿನೀರು ತೋರಿಸಿ ಇಡಬಹುದು. ಹಸಿ ಬಟಾಣಿಗೆ ಒಂದೂವರೆ ನಿಮಿಷ ಸಾಕು. ಪಾಲಕ್‌ನಂಥ ಸೊಪ್ಪು ಕುದಿನೀರಿಗೆ ಬಿದ್ದೊಡನೆ ಕುಗ್ಗಿ ಹಿಡಿಯಷ್ಟಾಗುವುದರಿಂದ ಜಾಗ ಕಡಿಮೆ. ಆದರೆ ಸೊಪ್ಪಿನ ಬೆಲೆಯಲ್ಲಿ ಉಳಿಯುವ ಹಣವೂ ಕಡಿಮೆ, ವಾರದ ಸಂತೆಯಲ್ಲಿ ತಾಜಾ ಸಿಗುವಾಗ ಆ ಗೋಜು ಬೇಕಿಲ್ಲ. ಕರಿಬೇವನ್ನು ತೊಳೆದು ಒರೆಸಿ ಹಾಗೆಯೇ ಇಡಬಹುದು. ನಿಂಬೆ ಅಗ್ಗವಾದಾಗ ರಸ ಹಿಂಡಿ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟುಕೊಂಡರೆ ಮಾರ್ಚ್ ದಾಟಿದ ಮೇಲಿನ ಬೆಲೆಗೆ ಹೆದರಬೇಕಿಲ್ಲ.

ತೆಂಗಿನಕಾಯಿಯನ್ನು ಈ ಪಟ್ಟಿಗೆ ಸೇರಿಸದಿರಲಾಗದು. 2025ರಲ್ಲಿ ಅದರ ಬೆಲೆ ಏರಿದ ಮೇಲೆ, ತುಮಕೂರಿನ ತೆಂಗಿನ ಸೀಮೆಯಲ್ಲಿಯೂ ಕೊಂಡು ತಿನ್ನುವವರು ಅರ್ಧ ಹೋಳನ್ನು ಎಸೆಯುವಂತಿರಲಿಲ್ಲ. ಒಡೆದ ಕಾಯಿಯ ಉಳಿದ ಹೋಳು ಫ್ರಿಜ್‌ನ ಕೆಳಗಿನ ಭಾಗದಲ್ಲಿ ನಾಲ್ಕೈದು ದಿನಕ್ಕೆ ಲೋಳೆ ಹಿಡಿಯುತ್ತದೆ. ತುರಿದು ತೆಳುವಾಗಿ ಕವರಿಗೆ ಹಾಕಿ ಫ್ರೀಜರ್‌ನಲ್ಲಿಟ್ಟರೆ ಎರಡು ಮೂರು ತಿಂಗಳು ಕೆಡುವುದಿಲ್ಲ, ಬೇಕಾದಷ್ಟನ್ನು ಮುರಿದು ನೇರವಾಗಿ ಮಿಕ್ಸಿಗೆ ಹಾಕಬಹುದು. ದಿನದಿನದ ಹಾಲಿನ ಕೆನೆಯನ್ನು ಒಂದು ಡಬ್ಬಿಯಲ್ಲಿ ಫ್ರೀಜರ್‌ನಲ್ಲಿಯೇ ಕೂಡಿಹಾಕಿ, ಡಬ್ಬಿ ತುಂಬಿದ ದಿನ ಹೆಪ್ಪು ಹಾಕಿ ಕಡೆದು ಬೆಣ್ಣೆ ತೆಗೆಯುವುದು ನಮ್ಮ ಮನೆಗಳ ಹಳೆಯ ರೂಢಿ. ತುಪ್ಪದ ಬೆಲೆ ಗೊತ್ತಿದ್ದವರಿಗೆ ಇದರ ಲಾಭ ವಿವರಿಸಬೇಕಿಲ್ಲ. ಶ್ರೀನಿವಾಸಪುರದ ಮಾವಿನ ರಸ, ಚೇಳೂರು ಕಡೆಯ ಹಲಸಿನ ಬೀಜ ತೆಗೆದ ತೊಳೆ ಎರಡೂ ಚೆನ್ನಾಗಿ ಉಳಿಯುತ್ತವೆ, ಆದರೆ ಅವು ನಾಲಿಗೆಯ ಸುಖಕ್ಕೇ ಹೊರತು ಉಳಿತಾಯಕ್ಕಲ್ಲ.

ಮಾಡಿದ ಅಡುಗೆಯಲ್ಲಿ ಇಡ್ಲಿ, ಚಪಾತಿ, ಬೇಯಿಸಿದ ಕಡಲೆ, ಹುರುಳಿಕಾಳುಗಳು ಫ್ರೀಜರ್‌ಗೆ ಒಗ್ಗುತ್ತವೆ. ಮುದ್ದೆಯನ್ನು ಇಡಬಾರದು, ಗಟ್ಟಿಯಾಗಿ ಪುಡಿಯುದುರುತ್ತದೆ; ಮೊಸರು, ಮಜ್ಜಿಗೆ ಒಡೆಯುತ್ತವೆ; ಸಾಂಬಾರಿನಲ್ಲಿರುವ ಆಲೂಗಡ್ಡೆ ಸ್ಪಂಜಾಗುತ್ತದೆ. ಅನ್ನವನ್ನು ಇಡುವುದಾದರೆ ಬೆಂದ ಒಂದು ಗಂಟೆಯೊಳಗೆ ಅಗಲ ತಟ್ಟೆಯಲ್ಲಿ ಆರಿಸಿ ಇಡಬೇಕು. ದಿನವೆಲ್ಲ ಹೊರಗಿದ್ದ ಅನ್ನದಲ್ಲಿ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಗುಡ್ಡೆ ಮಾಂಸ ಮತ್ತು ಹೊಸತೊಡಕು

ಮಾಂಸ ತಿನ್ನುವ ಮನೆಗಳಲ್ಲಿ ತರಕಾರಿಗಿಂತ ದೊಡ್ಡ ಉಳಿತಾಯ ಇಲ್ಲಿದೆ. ಯುಗಾದಿಯ ಮರುದಿನದ ಹೊಸತೊಡಕಿಗೆ ಅಂಗಡಿಯ ಮುಂದೆ ಸಾಲು ನಿಂತಾಗ ಮಟನ್ ಬೆಲೆ ಯಾರ ಮಾತನ್ನೂ ಕೇಳುವುದಿಲ್ಲ. ಶ್ರಾವಣದಲ್ಲಿ ಅನೇಕರು ಮಾಂಸ ಬಿಡುವುದರಿಂದ ಕೋಳಿಯ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ಹಳ್ಳಿಗಳಲ್ಲಿ ಹತ್ತಾರು ಮನೆಯವರು ಸೇರಿ ಮರಿ ಕೊಂಡು, ಕೊಯ್ದು, ಗುಡ್ಡೆ ಹಾಕಿ ಹಂಚಿಕೊಂಡಾಗ ಅಂಗಡಿಗಿಂತ ಕಡಿಮೆಗೆ ಸಿಗುವುದುಂಟು. ಆದರೆ ಒಂದು ಪಾಲು ಒಂದು ದಿನಕ್ಕೆ ಮುಗಿಯುವಂಥದ್ದಲ್ಲ.

ಅಂಥ ಹೊಸ ಮಾಂಸವನ್ನು ತಂದ ಕೂಡಲೇ ಫ್ರೀಜರ್‌ಗೆ ತಳ್ಳಬಾರದು. ಪ್ರಾಣಿಯನ್ನು ಕೊಯ್ದ ಮೇಲೆ ಕೆಲವು ಗಂಟೆಗಳಲ್ಲಿ ಅದರ ಸ್ನಾಯುಗಳು ಬಿಗಿದು, ಆಮೇಲೆ ನಿಧಾನವಾಗಿ ಸಡಿಲಗೊಳ್ಳುತ್ತವೆ. ಬಿಗಿಯುವ ಮೊದಲೇ ಹೆಪ್ಪುಗಟ್ಟಿದರೆ, ಕರಗಿಸುವಾಗ ಆ ಸ್ನಾಯು ಒಮ್ಮೆಲೇ ಸಂಕುಚಿಸಿ, ರಸವನ್ನೆಲ್ಲ ಹೊರಹಾಕಿ, ಎಷ್ಟು ಸೀಟಿ ಕೂಗಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಒಂದು ದಿನ ಫ್ರಿಜ್‌ನ ಕೆಳಭಾಗದಲ್ಲಿ ಮುಚ್ಚಿಟ್ಟು, ಮರುದಿನ ಒಂದು ಹೊತ್ತಿಗೆ ಆಗುವಷ್ಟರ ಪೊಟ್ಟಣಗಳಾಗಿ ಮಾಡಿ ಫ್ರೀಜರ್‌ಗೆ ಏರಿಸುವುದು ಸರಿಯಾದ ಕ್ರಮ. ಮೈನಸ್ 18ರಲ್ಲಿ ಕೋಳಿ, ಮಟನ್ ಆರು ತಿಂಗಳಿಗೂ ಹೆಚ್ಚು ಕಾಲ ರುಚಿ ಉಳಿಸಿಕೊಳ್ಳುತ್ತವೆ; ಖೀಮಾ ಮೂರು ನಾಲ್ಕು ತಿಂಗಳು; ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನು ಎರಡು ಮೂರು ತಿಂಗಳು ಮಾತ್ರ, ಏಕೆಂದರೆ ಎಣ್ಣೆಯ ಅಂಶ ಚಳಿಯಲ್ಲಿಯೂ ಕಮಟಾಗುತ್ತದೆ.

ಪೊಟ್ಟಣದೊಳಗಿನ ಗಾಳಿಯನ್ನು ಹೊರಹಾಕುವುದು ಮಾಂಸಕ್ಕೆ ವಿಶೇಷವಾಗಿ ಮುಖ್ಯ. ಫ್ರೀಜರ್‌ನ ಒಣ ಗಾಳಿಗೆ ತೆರೆದುಕೊಂಡ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಮಾಂಸದ ಅಂಚಿನಲ್ಲಿ ಕಾಣುವ ಬಿಳಿಚಿದ ಒಣ ಕಲೆಗಳು ಹೀಗೆ ಆದವು. ಅವು ವಿಷವಲ್ಲ, ಆದರೆ ಆ ಭಾಗಕ್ಕೆ ರುಚಿಯಿರುವುದಿಲ್ಲ. ಕವರಿನ ಬಾಯಿಯನ್ನು ಮಾತ್ರ ಮೇಲೆ ಹಿಡಿದು ಉಳಿದದ್ದನ್ನು ನೀರಿನ ಬಕೆಟ್‌ನಲ್ಲಿ ಇಳಿಸಿದರೆ ನೀರಿನ ಒತ್ತಡಕ್ಕೆ ಗಾಳಿ ಹೊರಡುತ್ತದೆ, ಆಗ ಬಾಯಿ ಮುಚ್ಚಬಹುದು. ಸಾರು, ರಸ ತುಂಬುವ ಡಬ್ಬಿಯಲ್ಲಿ ನೀರು ಹಿಗ್ಗಲು ಮೇಲೆ ಎರಡು ಬೆರಳು ಜಾಗ ಬಿಡಬೇಕು. ಗಾಜಿನ ಸೀಸೆ ಬೇಡವೇ ಬೇಡ.

ಕರೆಂಟು ಹೋದಾಗ, ಮತ್ತು ಹೊರತೆಗೆಯುವಾಗ

ತುಂಬಿದ ಡೀಪ್ ಫ್ರೀಜರ್‌ನ ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ಚಳಿ ನಿಲ್ಲುತ್ತದೆ ಎಂಬುದು ಪ್ರಚಲಿತ ಲೆಕ್ಕ. ಒಂಟಿ ಬಾಗಿಲಿನ ಫ್ರಿಜ್‌ನ ಸಣ್ಣ ಖಾನೆಗೆ ಅಷ್ಟು ಧಾರಣೆಯಿಲ್ಲ. ಖಾಲಿ ಜಾಗದಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿಗಳನ್ನು ಮುಕ್ಕಾಲು ತುಂಬಿ ಇಟ್ಟರೆ ಆ ಮಂಜುಗಡ್ಡೆಯೇ ಕರೆಂಟು ಇಲ್ಲದ ಹೊತ್ತನ್ನು ದಾಟಿಸುತ್ತದೆ. ಊರಿಗೆ ಹೋಗಿ ಬರುವವರು ಒಂದು ಲೋಟ ನೀರನ್ನು ಗಟ್ಟಿ ಮಾಡಿ, ಅದರ ಮೇಲೆ ಒಂದು ರೂಪಾಯಿ ನಾಣ್ಯವಿಟ್ಟು ಹೋಗಬಹುದು. ಬಂದು ನೋಡಿದಾಗ ನಾಣ್ಯ ತಳದಲ್ಲಿ ಹೆಪ್ಪುಗಟ್ಟಿದ್ದರೆ ನಡುವೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಆಗ ಮಾಂಸವನ್ನು ನಂಬಬಾರದು. ಪದಾರ್ಥದಲ್ಲಿ ಇನ್ನೂ ಮಂಜಿನ ಹರಳು ಉಳಿದಿದ್ದರೆ ಮತ್ತೆ ಹೆಪ್ಪುಗಟ್ಟಿಸಲು ಅಡ್ಡಿಯಿಲ್ಲ.

ತರಕಾರಿಯನ್ನು ಕರಗಿಸುವ ಅಗತ್ಯವೇ ಇಲ್ಲ. ಗಟ್ಟಿಯಾಗಿದ್ದಂತೆಯೇ ಕುದಿಯುವ ಸಾರಿಗೆ ಹಾಕಬೇಕು, ಕರಗಿಸಿದರೆ ಮೆತ್ತಗಾಗುತ್ತದೆ. ಮಾಂಸವನ್ನು ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಭಾಗಕ್ಕೆ ಇಳಿಸಿಡಬೇಕು. ಬೆಳಗ್ಗೆ ಅಡುಗೆಕಟ್ಟೆಯ ಮೇಲಿಟ್ಟು ಮಧ್ಯಾಹ್ನ ಬೇಯಿಸುವ ರೂಢಿ ಅಪಾಯದ್ದು. ಒಳಗೆ ಇನ್ನೂ ಕಲ್ಲಾಗಿರುವಾಗಲೇ ಹೊರಮೈ ಬ್ಯಾಕ್ಟೀರಿಯಾ ಬೆಳೆಯುವಷ್ಟು ಬೆಚ್ಚಗಾಗಿರುತ್ತದೆ. ಅವಸರವಿದ್ದರೆ ಮುಚ್ಚಿದ ಕವರಿನಲ್ಲಿ ತಣ್ಣೀರಿಗೆ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಬಹುದು.

ಪೊಟ್ಟಣದ ಮೇಲೆ ಹೆಸರು, ತಿಂಗಳು ಬರೆಯದೆ ಇಡುವುದಾದರೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು; ಹೆಪ್ಪುಗಟ್ಟಿದ ಮೇಲೆ ಅವರೆಗೂ ಬಟಾಣಿಗೂ ವ್ಯತ್ಯಾಸ ತಿಳಿಯುವುದು ಕಷ್ಟ. ಬರೆದ ಪೊಟ್ಟಣಗಳಲ್ಲಿ ಹಳೆಯದು ಮುಂದೆ, ಹೊಸದು ಹಿಂದೆ ಇರಬೇಕು. ಜನವರಿಯಲ್ಲಿ ತುಂಬಿದ ಅವರೆಯನ್ನು ಬೇಸಿಗೆ ಮುಗಿಯುವುದರೊಳಗೆ ತಿಂದು, ಮುಂಗಾರಿನ ಹೊತ್ತಿಗೆ ಖಾನೆಯನ್ನು ಖಾಲಿ ಮಾಡಿ, ಕಟ್ಟಿದ ಮಂಜನ್ನು ಕರಗಿಸಿ ಒರೆಸಿಟ್ಟರೆ, ಮುಂದೆ ಟೊಮೆಟೊ ಬೆಲೆ ಇಳಿದ ವಾರದಲ್ಲಿ ಬಾಕ್ಸ್ ತರಲು ಜಾಗ ಸಿದ್ಧವಾಗಿರುತ್ತದೆ.